ಮೂವತ್ತು ದಿನದ ನೋವಿನ ಮಾತ್ರೆ ಇಪ್ಪತ್ತೆರಡನೆಯ ದಿನಕ್ಕೇ ಮುಗಿಯುತ್ತಿದೆ: ಅಮೆರಿಕದಲ್ಲಿ ಅವಧಿಗೆ ಮುಂಚೆ ಪಡೆಯಲು ದಾರಿ ಇದೆಯೇ?

ಸಂಪಿಗೆ ನೆರಳು | ಗುರುವಾರ, ರಾತ್ರಿ 9:40

ಓಹಿಯೋದಿಂದ ಬರೆಯುತ್ತಿದ್ದೇನೆ. ಮಾವನವರಿಗೆ ಎಪ್ಪತ್ತಾರು ವರ್ಷ, ಹನ್ನೆರಡು ವರ್ಷಗಳಿಂದ ನಮ್ಮೊಂದಿಗೇ ಇದ್ದಾರೆ. ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಗೆ ಹಬ್ಬಿದೆ. ನೋವಿಗೆ ಆಕ್ಸಿಕೋಡೋನ್ (ಅಫೀಮಿನ ಗುಂಪಿನ ಮಾತ್ರೆ) 5 ಮಿಲಿಗ್ರಾಂ ಬರೆದುಕೊಟ್ಟಿದ್ದಾರೆ. ತಿಂಗಳಿಗೆ 120 ಮಾತ್ರೆ, ಆರು ಗಂಟೆಗೊಂದರಂತೆ ದಿನಕ್ಕೆ ನಾಲ್ಕು.

ಆರು ದಿನ ಹಾಗೆಯೇ ನಡೆಯಿತು. ಆರನೆಯ ರಾತ್ರಿ ಅವರು ಮಲಗಲಾಗದೆ ಕುರ್ಚಿಯ ಹಿಡಿಗಳನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಬೆಳಗಿನವರೆಗೆ ಕೂತೇ ಇದ್ದರು. ಕ್ಯಾನ್ಸರ್ ವೈದ್ಯರ ಕಚೇರಿಗೆ ಫೋನ್ ಮಾಡಿದೆ. ನರ್ಸ್ ವೈದ್ಯರನ್ನು ಕೇಳಿಕೊಂಡು ಬಂದು, "ನಾಲ್ಕು ಗಂಟೆಗೊಂದು ಕೊಡಿ" ಎಂದರು. ಅಂದಿನಿಂದ ದಿನಕ್ಕೆ ಆರು ಕೊಡುತ್ತಿದ್ದೇವೆ. ನೋವು ಹತೋಟಿಗೆ ಬಂತು, ರಾತ್ರಿ ಒಂದಿಷ್ಟು ಕಣ್ಣು ಮುಚ್ಚುವಂತಾಯಿತು.

ಇಂದು ಹತ್ತೊಂಬತ್ತನೆಯ ದಿನ. ಈಗಷ್ಟೇ ಊಟದ ಮೇಜಿನ ಮೇಲೆ ಬಿಳಿ ಹಾಳೆ ಹಾಸಿ ಎರಡು ಸಲ ಎಣಿಸಿದೆ. ಹದಿನೆಂಟು ಉಳಿದಿವೆ. ಭಾನುವಾರ ರಾತ್ರಿಗೆ ಡಬ್ಬಿ ಖಾಲಿ. ಸಂಜೆ ಫಾರ್ಮಸಿಗೆ ಹೋದರೆ ಕೌಂಟರಿನಲ್ಲಿದ್ದ ಹುಡುಗ ಪರದೆ ನೋಡಿ, "ಇನ್ನೂ ಒಂಬತ್ತು ದಿನ ಇದೆ, ಆಗುವುದಿಲ್ಲ" ಎಂದ. ಸಾಲಿನಲ್ಲಿ ಹಿಂದೆ ನಿಂತಿದ್ದವರು ನನ್ನನ್ನು ನೋಡಿದ ರೀತಿ ಇನ್ನೂ ಮನಸ್ಸಿನಿಂದ ಹೋಗಿಲ್ಲ. ವೈದ್ಯರು ಹೇಳಿದಂತೆಯೇ ಕೊಟ್ಟಿದ್ದೇನೆ, ಒಂದು ಮಾತ್ರೆಯೂ ಹೆಚ್ಚಿಲ್ಲ. ಇದು ಕಾನೂನೇ? ಕಾನೂನಾದರೆ ಸೋಮವಾರ ಬೆಳಿಗ್ಗೆ ಅವರಿಗೆ ನಾನು ಏನು ಕೊಡಲಿ?

ಮರಳಿ ಬಂದ ಮೊಣಕಾಲು | ಗುರುವಾರ, ರಾತ್ರಿ 10:05

ಸಂಪಿಗೆಯವರೇ, ಓದಿ ಸಂಕಟವಾಯಿತು. ನಾನು ಕೊಲಂಬಸ್ಸಿನಲ್ಲಿದ್ದೇನೆ. ಕಳೆದ ವರ್ಷ ಮೊಣಕಾಲಿನ ಶಸ್ತ್ರಚಿಕಿತ್ಸೆಯ ನಂತರ ಕೊಟ್ಟ ಹೈಡ್ರೋಕೋಡೋನ್ ಮಾತ್ರೆಗಳಲ್ಲಿ ಇಪ್ಪತ್ತರಷ್ಟು ಹಾಗೆಯೇ ಉಳಿದಿವೆ. ನೀವು ಎಲ್ಲಿದ್ದರೂ ಹೇಳಿ, ನಾಳೆಯೇ ತಂದುಕೊಡುತ್ತೇನೆ.

ಕೌಂಟರಿನ ಒಳಗಿನಿಂದ | ಗುರುವಾರ, ರಾತ್ರಿ 10:50

ಹದಿನಾಲ್ಕು ವರ್ಷಗಳಿಂದ ಕ್ಯಾಲಿಫೋರ್ನಿಯಾದಲ್ಲಿ ಫಾರ್ಮಸಿಸ್ಟ್ ಆಗಿದ್ದೇನೆ. ಮೊದಲು ಮೊಣಕಾಲಿನವರಿಗೆ: ನಿಮ್ಮ ಮನಸ್ಸು ದೊಡ್ಡದು, ಆದರೆ ದಯವಿಟ್ಟು ಬೇಡ. ಒಬ್ಬರಿಗೆ ಬರೆದುಕೊಟ್ಟ ನಿಯಂತ್ರಿತ ಔಷಧವನ್ನು ಇನ್ನೊಬ್ಬರಿಗೆ ಕೊಡುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ನಿಮ್ಮ ಡಬ್ಬಿಯ ಮೇಲೆ ಆ ಎಚ್ಚರಿಕೆ ಸಣ್ಣ ಅಕ್ಷರದಲ್ಲಿ ಇದ್ದೇ ಇರುತ್ತದೆ, ನೋಡಿ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಮಾತ್ರೆ ಬರಿಯ ಹೈಡ್ರೋಕೋಡೋನ್ ಆಗಿರಲಾರದು. ಸಾಮಾನ್ಯವಾಗಿ ಅದರಲ್ಲಿ 325 ಮಿಲಿಗ್ರಾಂ ಅಸೆಟಮಿನೋಫೆನ್ (ಊರಿನಲ್ಲಿ ಪ್ಯಾರಾಸಿಟಮಾಲ್ ಎನ್ನುವುದು) ಕೂಡ ಸೇರಿರುತ್ತದೆ. ಆ ಮನೆಯಲ್ಲಿ ಹಿರಿಯರಿಗೆ ಟೈಲೆನಾಲ್ (ಅದೂ ಅಸೆಟಮಿನೋಫೆನ್ನೇ) ಕೂಡ ಕೊಡುತ್ತಿದ್ದರೆ ಎರಡೂ ಸೇರಿ ಯಕೃತ್ತಿಗೆ ಪೆಟ್ಟು ಬೀಳಬಹುದು. ಉಳಿದದ್ದನ್ನು ಹಳೆಯ ಔಷಧ ಮರಳಿ ಪಡೆಯುವ ಪೆಟ್ಟಿಗೆ ಇರುವ ಫಾರ್ಮಸಿಗೆ ಹಾಕಿಬಿಡಿ.

ಈಗ ಸಂಪಿಗೆಯವರೇ, ನಿಮ್ಮ ಪ್ರಶ್ನೆ. "ಆಗುವುದಿಲ್ಲ" ಎಂಬ ಒಂದೇ ಮಾತಿನ ಹಿಂದೆ ಮೂರು ಬೇರೆ ಬೇರೆ ಬೀಗಗಳಿರುತ್ತವೆ. ಯಾವುದು ಬಿದ್ದಿದೆ ಎಂದು ತಿಳಿಯದೆ ಬಾಗಿಲು ತಳ್ಳುತ್ತಾ ನಿಂತರೆ ಕೈ ನೋಯುವುದಷ್ಟೇ.

ಮೊದಲನೆಯದು ಕಾನೂನು. 1970ರ ನಿಯಂತ್ರಿತ ಪದಾರ್ಥಗಳ ಕಾಯ್ದೆಯಲ್ಲಿ ಆಕ್ಸಿಕೋಡೋನ್, ಮಾರ್ಫಿನ್, ಫೆಂಟನಿಲ್, ಮೆಥಡೋನ್ ಎಲ್ಲವೂ ಎರಡನೆಯ ಷೆಡ್ಯೂಲಿನಲ್ಲಿ, ಅಂದರೆ ದುರ್ಬಳಕೆಯ ಅಪಾಯ ನೋಡಿ ಮಾಡಿದ ಪಟ್ಟಿಗಳಲ್ಲಿ ಎರಡನೆಯದರಲ್ಲಿ ಇವೆ. ಹೈಡ್ರೋಕೋಡೋನ್ ಬೆರೆತ ಮಾತ್ರೆಗಳು 2014ರ ಅಕ್ಟೋಬರಿನಲ್ಲಿ ಮೂರನೆಯದರಿಂದ ಎರಡನೆಯದಕ್ಕೆ ಏರಿದವು. ಎರಡನೆಯ ಷೆಡ್ಯೂಲಿನ ಔಷಧಕ್ಕೆ ರೀಫಿಲ್ (ಅದೇ ಚೀಟಿಗೆ ಮತ್ತೆ ಕೊಡುವುದು) ಎಂಬುದೇ ಇಲ್ಲ, ಪ್ರತಿ ಸಲ ಹೊಸ ಪ್ರಿಸ್ಕ್ರಿಪ್ಷನ್ ಬೇಕು. ಆದ್ದರಿಂದ ನೀವು "ಬೇಗ ರೀಫಿಲ್ ಮಾಡಿ" ಎಂದು ಕೇಳಿದಾಗ ಆ ಹುಡುಗನ ಪರದೆಯಲ್ಲಿ ತುಂಬಿಸಲು ಏನೂ ಇರಲಿಲ್ಲ. ಆದರೆ ಗಮನಿಸಿ, ಇಂತಿಷ್ಟು ದಿನ ಮುಂಚೆ ಕೊಡಬಾರದು ಎಂಬ ಅಂಕಿ ಫೆಡರಲ್ ಕಾನೂನಿನಲ್ಲಿಲ್ಲ. ಕೆಲವು ರಾಜ್ಯಗಳು ತಮ್ಮದೇ ಮಿತಿ ಹಾಕಿಕೊಂಡಿವೆ. ಒಂದು ಮಾತ್ರ ಕಟ್ಟುನಿಟ್ಟು: ವೈದ್ಯರು ಮೂರು ತಿಂಗಳಿಗೆ ಒಟ್ಟಿಗೇ ಮೂರು ಪ್ರಿಸ್ಕ್ರಿಪ್ಷನ್ ಬರೆದು (2007ರಿಂದ ಒಟ್ಟು 90 ದಿನದವರೆಗೆ ಅದಕ್ಕೆ ಅವಕಾಶವಿದೆ) ಪ್ರತಿಯೊಂದರಲ್ಲೂ "ಈ ದಿನಾಂಕಕ್ಕಿಂತ ಮುಂಚೆ ಕೊಡಬೇಡಿ" ಎಂದು ನಮೂದಿಸಿದ್ದರೆ, ಆ ದಿನಾಂಕವನ್ನು ನಾನು ದಾಟುವಂತಿಲ್ಲ.

ಎರಡನೆಯದು ವಿಮೆ. ಬಹುಮಟ್ಟಿಗೆ "ಇನ್ನೂ ಒಂಬತ್ತು ದಿನ" ಎಂಬ ಉತ್ತರ ಬರುವುದು ಇಲ್ಲಿಂದ ಅಥವಾ ಅಂಗಡಿಯ ಸ್ವಂತ ನಿಯಮದಿಂದ. 120 ಮಾತ್ರೆ, ದಿನಕ್ಕೆ ನಾಲ್ಕು, ಮೂವತ್ತು ದಿನ ಎಂದು ಗಣಕ ಲೆಕ್ಕ ಹಾಕಿ ಕೂತಿರುತ್ತದೆ. ನೀವು ಆರು ಕೊಡುತ್ತಿರುವುದು ಅದಕ್ಕೆ ಗೊತ್ತಿಲ್ಲ. ನಿಮ್ಮ ಇಡೀ ತೊಂದರೆ ಈ ಸಾಲಿನಲ್ಲಿದೆ: ವೈದ್ಯರು ಪ್ರಮಾಣ ಬದಲಿಸಿದ್ದು ಫೋನಿನಲ್ಲಿ ಮಾತ್ರ, ಡಬ್ಬಿಯ ಮೇಲಿನ ಚೀಟಿ ಹಳೆಯದೇ.

ಮೂರನೆಯದು ನಮ್ಮ ಹೊಣೆ. ಪ್ರಿಸ್ಕ್ರಿಪ್ಷನ್ ಸರಿಯಾದ ವೈದ್ಯಕೀಯ ಉದ್ದೇಶಕ್ಕೆ ಬಂದಿದೆಯೇ ಎಂದು ನೋಡುವ ಜವಾಬ್ದಾರಿ ಬರೆದವರಷ್ಟೇ ಕೊಡುವವರ ಮೇಲೂ ಇದೆ ಎಂದು ಫೆಡರಲ್ ಮಾದಕವಸ್ತು ನಿಯಂತ್ರಣ ಸಂಸ್ಥೆ ಡಿಇಎಯ ನಿಯಮ ಹೇಳುತ್ತದೆ. ಸಂದೇಹ ಇದ್ದೂ ಕೊಟ್ಟರೆ ಪರವಾನಗಿ ಹೋಗುವುದು ನನ್ನದು.

ನಾಳೆ ಮಾಡಬೇಕಾದದ್ದು: ವೈದ್ಯರ ಕಚೇರಿ ತೆರೆದ ಕೂಡಲೇ ಫೋನ್ ಮಾಡಿ. "ರೀಫಿಲ್ ಬೇಕು" ಎನ್ನಬೇಡಿ. "ಇಂತಹ ದಿನ ಪ್ರಮಾಣ ಹೆಚ್ಚಿಸಿದ್ದೀರಿ, ಹೊಸ ಪ್ರಮಾಣಕ್ಕೆ ಹೊಸ ಪ್ರಿಸ್ಕ್ರಿಪ್ಷನ್ ಕಳಿಸಿಲ್ಲ, ಭಾನುವಾರ ರಾತ್ರಿಗೆ ಮಾತ್ರೆ ಮುಗಿಯುತ್ತದೆ" ಎನ್ನಿ. ಅದರಲ್ಲಿ "ಪ್ರಮಾಣ ಹೆಚ್ಚಿಸಲಾಗಿದೆ, ಹಿಂದಿನದರ ಬದಲಿಗೆ ಇದು" ಎಂದು ಬರೆಯಲು ಹೇಳಿ. ರೋಗದ ಸಂಕೇತವನ್ನೂ ನಮೂದಿಸಲಿ. ಕ್ಯಾನ್ಸರ್ ನೋವಿಗೆ ಜಿ89.3 ಎಂಬ ಪ್ರತ್ಯೇಕ ಸಂಕೇತವೇ ಇದೆ. ಅದನ್ನು ಕಂಡರೆ ನನ್ನಂಥವನು ಮೂರು ಫೋನ್ ಮಾಡುವಲ್ಲಿ ಒಂದು ಮಾಡುತ್ತಾನೆ. ವಿಮೆ ತಿರಸ್ಕರಿಸಿದರೆ, "ಚಿಕಿತ್ಸೆ ಬದಲಾಗಿದೆ" ಎಂದು ತಿಳಿಸುವ ಸಂಕೇತ ಹಾಕಿ ಮತ್ತೆ ಕಳಿಸಿ ಎಂದು ಫಾರ್ಮಸಿಸ್ಟರನ್ನೇ ಕೇಳಿ. ಕೌಂಟರಿನ ಹುಡುಗನಿಗೆ ಅದು ಗೊತ್ತಿರದೆ ಇರಬಹುದು.

ನಾಳೆ ಶುಕ್ರವಾರ. ಮಧ್ಯಾಹ್ನಕ್ಕೆ ಬಿಡಬೇಡಿ.

ಹಳೆಯ ಬೆನ್ನು | ಗುರುವಾರ, ರಾತ್ರಿ 11:30

ಒಂಬತ್ತು ವರ್ಷದಿಂದ ಬೆನ್ನುಹುರಿಯ ನೋವಿಗೆ ಇದೇ ಗುಂಪಿನ ಔಷಧ ತೆಗೆದುಕೊಳ್ಳುತ್ತಿದ್ದೇನೆ. ಮೇಲಿನವರು ಹೇಳಿದ ಲೆಕ್ಕಕ್ಕೆ ಇನ್ನೊಂದು ಸೇರಿಸುತ್ತೇನೆ. ಪ್ರತಿ ತಿಂಗಳು ಎರಡು ದಿನ ಮುಂಚೆ ತೆಗೆದುಕೊಂಡರೆ ಏನೂ ಆಗುವುದಿಲ್ಲ ಎಂದುಕೊಂಡಿದ್ದೆ. ವರ್ಷದ ಕೊನೆಗೆ ಅದು ಇಪ್ಪತ್ನಾಲ್ಕು ದಿನದ ಹೆಚ್ಚುವರಿ ಮಾತ್ರೆ. ನನ್ನ ಬಳಿ ಅವು ಡ್ರಾಯರಿನಲ್ಲಿ ಹಾಗೆಯೇ ಇದ್ದವು, ನಾನು ತಿಂದಿರಲಿಲ್ಲ. ಆದರೆ ಅಂಗಡಿಯ ಲೆಕ್ಕದಲ್ಲಿ ನಾನು ಬರೆದದ್ದಕ್ಕಿಂತ ಹೆಚ್ಚು ನುಂಗುವವನಾಗಿದ್ದೆ. ಮುಂದಿನ ಸಲ "ಕೈಯಲ್ಲಿರುವುದು ಮುಗಿಯಲಿ" ಎಂದರು.

ಆಮೇಲೆ ನನ್ನ ವೈದ್ಯರು ಮೂವತ್ತು ದಿನಕ್ಕೆ ಬರೆಯುವುದನ್ನು ಬಿಟ್ಟು ಇಪ್ಪತ್ತೆಂಟು ದಿನಕ್ಕೆ ಬರೆಯತೊಡಗಿದರು. ಸರಿಯಾಗಿ ನಾಲ್ಕು ವಾರ. ಮಂಗಳವಾರ ಶುರುವಾದರೆ ಮುಂದಿನದೂ ಯಾವಾಗಲೂ ಮಂಗಳವಾರವೇ ಶುರುವಾಗುತ್ತದೆ. ಶನಿವಾರ ಸಂಜೆ, ರಜೆಯ ದಿನ ಎಂಬ ಗೋಳೇ ತಪ್ಪಿತು. ಈ ಚಿಕ್ಕ ಬದಲಾವಣೆ ನನಗೆ ಕೊಟ್ಟ ನೆಮ್ಮದಿಯನ್ನು ಯಾವ ಹೊಸ ಔಷಧವೂ ಕೊಟ್ಟಿಲ್ಲ.

ಇನ್ನೊಂದು ಮಾತು. ಮಾತ್ರೆಯನ್ನು ಅಂಗಡಿಯಲ್ಲೇ, ಅಲ್ಲಿಂದ ಕದಲುವ ಮುಂಚೆಯೇ ಎಣಿಸಿಕೊಳ್ಳಿ. ಒಮ್ಮೆ ನನಗೆ ಹತ್ತು ಕಡಿಮೆ ಬಂದಿತ್ತು. ಮನೆಗೆ ಬಂದು ಹೇಳಿದಾಗ ನಂಬುವವರು ಯಾರೂ ಇರಲಿಲ್ಲ.

ಮೂರನೆಯ ಮಹಡಿ | ಶುಕ್ರವಾರ, ಬೆಳಿಗ್ಗೆ 6:15

ಇಲ್ಲಿ ಎಲ್ಲರೂ ನಿಯಮವನ್ನು ದಾಟುವುದು ಹೇಗೆ ಎಂದು ಹೇಳುತ್ತಿದ್ದೀರಿ. ನನ್ನ ತಮ್ಮ ಇದೇ ಮಾತ್ರೆಯಿಂದ ಹೋದ. ಕಾಲು ಮುರಿದು ಶುರುವಾದದ್ದು. ಬೇಗ ಮುಗಿಯುತ್ತಿತ್ತು, ಪ್ರತಿ ಸಲ ಒಂದು ಕಾರಣ ಇರುತ್ತಿತ್ತು: ಸಿಂಕಿನಲ್ಲಿ ಬಿತ್ತು, ವಿಮಾನದಲ್ಲಿ ಚೀಲ ಕಳೆಯಿತು. ಯಾರೋ ಒಬ್ಬರು ಕೌಂಟರಿನಲ್ಲಿ "ಇಲ್ಲ" ಎಂದು ಗಟ್ಟಿಯಾಗಿ ಹೇಳಿ ನಮ್ಮ ಮನೆಗೆ ಒಂದು ಫೋನ್ ಮಾಡಿದ್ದರೆ ಎಂದು ಇವತ್ತಿಗೂ ಅನಿಸುತ್ತದೆ. ಅಮ್ಮ ಅವನ ಕೋಣೆಯ ಬಾಗಿಲನ್ನು ಈಗಲೂ ಮುಚ್ಚಲು ಬಿಡುವುದಿಲ್ಲ. ಸಂಪಿಗೆಯವರ ಮಾವನವರಿಗೆ ಔಷಧ ಸಿಗಲಿ, ಸಿಗಲೇಬೇಕು. ಆದರೆ ನಿಯಮವೇ ಕ್ರೂರ ಎಂದು ಮಾತ್ರ ಬರೆಯಬೇಡಿ.

ಹಳೆಯ ಬೆನ್ನು | ಶುಕ್ರವಾರ, ಬೆಳಿಗ್ಗೆ 7:00

ನಿಮ್ಮ ತಮ್ಮನ ವಿಷಯ ಓದಿ ಏನು ಹೇಳಬೇಕೋ ತಿಳಿಯಲಿಲ್ಲ. ನಿಯಮ ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಅದೇ ನಿಯಮದ ಭಯ ಇನ್ನೊಂದು ಬದಿಯಲ್ಲಿ ಏನು ಮಾಡಿತು ಎಂಬುದನ್ನೂ ಕೇಳಿ. 2016ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸಂಸ್ಥೆ ಸಿಡಿಸಿ ಈ ಮಾತ್ರೆಗಳನ್ನು ಬರೆಯುವ ಬಗ್ಗೆ ಒಂದು ಮಾರ್ಗಸೂಚಿ ತಂದಿತು. ಅದು ಸಲಹೆ ಮಾತ್ರವಾಗಿತ್ತು. ಅದನ್ನೇ ಕಲ್ಲಿನ ಶಾಸನದಂತೆ ಓದಿ, ವರ್ಷಗಳಿಂದ ಒಂದೇ ಪ್ರಮಾಣದಲ್ಲಿ ನೆಮ್ಮದಿಯಾಗಿದ್ದವರನ್ನು ಒಮ್ಮೆಲೇ ಇಳಿಸಿದರು. ನನ್ನನ್ನೂ ಇಳಿಸಿದರು. ಬೆವರು, ಆಕಳಿಕೆ, ಸುರಿಯುವ ಮೂಗು, ಭೇದಿ, ಮೈಯೆಲ್ಲಾ ಮುಳ್ಳೆದ್ದ ಚರ್ಮ. ಐದು ರಾತ್ರಿ ಸ್ನಾನದ ಕೋಣೆಯ ನೆಲದ ಮೇಲೆ ಮಲಗಿದ್ದೆ. ಹೀಗೆ ಥಟ್ಟನೆ ನಿಲ್ಲಿಸುವುದು ಅಪಾಯ ಎಂದು ಔಷಧಗಳಿಗೆ ಅನುಮತಿ ಕೊಡುವ ಸಂಸ್ಥೆ ಎಫ್‌ಡಿಎ 2019ರ ಏಪ್ರಿಲ್‌ನಲ್ಲಿ ಎಚ್ಚರಿಸಬೇಕಾಯಿತು. 2022ರಲ್ಲಿ ಸಿಡಿಸಿ ತನ್ನ ಮಾರ್ಗಸೂಚಿಯನ್ನೇ ತಿದ್ದಿ ಬರೆಯಿತು.

ನಿಮ್ಮ ತಮ್ಮನಿಗೆ ಬೇಕಿದ್ದದ್ದು ಒಂದು ಫೋನ್ ಕರೆ. ನನಗೆ ಬೇಕಿದ್ದದ್ದೂ ಅದೇ.

ಮೂರನೆಯ ಮಹಡಿ | ಶುಕ್ರವಾರ, ಬೆಳಿಗ್ಗೆ 7:20

ನಿಮ್ಮ ಮಾತು ಒಪ್ಪುತ್ತೇನೆ. ಬರೆಯುವಾಗ ಕೈ ನಡುಗುತ್ತಿತ್ತು, ಕಟುವಾಗಿ ಬಂತು.

ಸಂಪಿಗೆಯವರೇ, ಮನೆಯಲ್ಲಿ ನಲೋಕ್ಸೋನ್ ಇಟ್ಟುಕೊಳ್ಳಿ, ಈ ಮಾತ್ರೆ ಅತಿಯಾಗಿ ಉಸಿರು ಕಟ್ಟಿದರೆ ಮರಳಿಸುವ ಔಷಧ ಅದು. 2023ರಿಂದ ಮೂಗಿಗೆ ಸಿಂಪಡಿಸುವ 4 ಮಿಲಿಗ್ರಾಂ ಔಷಧ ಚೀಟಿಯಿಲ್ಲದೆ ಸಿಗುತ್ತದೆ. ಮಾವನವರ ಡಬ್ಬಿಯನ್ನು ಬೀಗದ ಪೆಟ್ಟಿಗೆಯಲ್ಲಿಡಿ. ನಿಮ್ಮ ಮನೆಗೆ ಹದಿಹರೆಯದ ಮಕ್ಕಳು, ಅವರ ಸ್ನೇಹಿತರು ಬರುತ್ತಿದ್ದರಂತೂ ಇವತ್ತೇ.

ನಡುರಾತ್ರಿ ಪಾಳಿ | ಶುಕ್ರವಾರ, ಬೆಳಿಗ್ಗೆ 8:10

ಕೊನೆಗಾಲದ ರೋಗಿಗಳನ್ನು ಮನೆಗೆ ಹೋಗಿ ನೋಡಿಕೊಳ್ಳುವ ಹಾಸ್ಪೈಸ್ ನರ್ಸ್ ನಾನು. ಪಾಳಿ ಮುಗಿಸಿ ಈಗ ಓದಿದೆ. ಎರಡು ಮಾತು ಇವತ್ತೇ ಹೇಳಬೇಕು.

ಭಾನುವಾರದಾಚೆಗೂ ಎಳೆಯಲೆಂದು ಇವತ್ತಿನಿಂದ ನೀವೇ ಮಾತ್ರೆ ಕಡಿಮೆ ಮಾಡಬೇಡಿ. ಮನೆಯವರು ಮಾಡುವುದು ಇದನ್ನೇ. ಅಪ್ಪನಿಗೆ ಎರಡು ಕೊಡುವಲ್ಲಿ ಒಂದು ಕೊಟ್ಟು, ನಾಳೆಗಿರಲಿ ಎಂದು ಹತ್ತಿಯಲ್ಲಿ ಸುತ್ತಿಡುತ್ತಾರೆ. ನೋವು ಒಮ್ಮೆ ತಲೆಗೇರಿದರೆ ಇಳಿಸಲು ಇನ್ನೂ ಹೆಚ್ಚು ಬೇಕಾಗುತ್ತದೆ. ಹಾಗೆಯೇ ನೋವು ಹೆಚ್ಚಾಯಿತೆಂದು ಕೇಳದೆ ಏರಿಸುವುದೂ ಬೇಡ.

ಇನ್ನೊಂದು: ನಾಲ್ಕು ಗಂಟೆಗೊಮ್ಮೆ ತಪ್ಪದೆ ಬೇಕಾಗುತ್ತಿದೆ ಎಂದರೆ ಆ ನೋವಿಗೆ ಅಲ್ಪಕಾಲದ ಮಾತ್ರೆಯೊಂದೇ ಸಾಲುತ್ತಿಲ್ಲ. ಹನ್ನೆರಡು ಗಂಟೆ ಕೆಲಸ ಮಾಡುವ ದೀರ್ಘಾವಧಿಯ ಮಾತ್ರೆ ಕೊಟ್ಟು, ನಡುನಡುವೆ ನುಗ್ಗುವ ನೋವಿಗೆ ಮಾತ್ರ ಈಗಿನದನ್ನು ಇಟ್ಟುಕೊಳ್ಳುವ ಕ್ರಮವಿದೆ. ಉಪಶಾಮಕ (ನೋವು, ಸಂಕಟ ಇಳಿಸುವ) ಚಿಕಿತ್ಸೆಯ ವೈದ್ಯರಿಗೆ ತೋರಿಸಬಹುದೇ ಎಂದು ಕೇಳಿ. ಅದಕ್ಕೆ ಕ್ಯಾನ್ಸರ್ ಚಿಕಿತ್ಸೆ ನಿಲ್ಲಿಸಬೇಕಾಗಿಲ್ಲ. ಹಾಸ್ಪೈಸ್ ಬೇರೆ, ಇದು ಬೇರೆ. ಯಾರಾದರೂ ಸಿಡಿಸಿ ಮಾರ್ಗಸೂಚಿಯ ಹೆಸರು ಹೇಳಿ ಹಿಂಜರಿದರೆ, 2022ರ ಮಾರ್ಗಸೂಚಿ ಕ್ಯಾನ್ಸರ್ ನೋವಿಗೆ ಅನ್ವಯಿಸುವುದಿಲ್ಲ ಎಂದು ನೆನಪಿಸಿ. ಅದರಲ್ಲೇ ಹಾಗೆಂದು ಬರೆದಿದೆ.

ಮಲಬದ್ಧತೆಗೆ ಏನು ಕೊಡುತ್ತಿದ್ದೀರಿ? ಯಾರೂ ಕೇಳುವುದಿಲ್ಲ, ಹಿರಿಯರು ನಾಚಿಕೊಂಡು ಹೇಳುವುದೂ ಇಲ್ಲ. ಅದನ್ನೂ ಇವತ್ತಿನ ಫೋನಿನಲ್ಲಿ ಕೇಳಿ.

ಹೊಸ ಸದಸ್ಯ 7 | ಶುಕ್ರವಾರ, ಬೆಳಿಗ್ಗೆ 9:30

ವಿಮೆಯೇ ಅಡ್ಡಿ ಎಂದಾದರೆ ಕೈಯಿಂದ ಹಣ ಕೊಟ್ಟು, ಬೇರೆ ಅಂಗಡಿಯಲ್ಲಿ ತೆಗೆದುಕೊಂಡರೆ ಆಗದೇ?

ಕೌಂಟರಿನ ಒಳಗಿನಿಂದ | ಶುಕ್ರವಾರ, ಬೆಳಿಗ್ಗೆ 10:15

ನಗದು ಕೊಟ್ಟರೂ, ಅಂಗಡಿ ಬದಲಿಸಿದರೂ ರಾಜ್ಯದ ಪ್ರಿಸ್ಕ್ರಿಪ್ಷನ್ ದಾಖಲೆಯಲ್ಲಿ ಅದು ಬೀಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಕ್ಯೂರ್ಸ್ ಎಂದು ಹೆಸರು. ಕೊನೆಯವರೆಗೂ ಉಳಿದಿದ್ದ ಮಿಸೌರಿ ರಾಜ್ಯ ಕೂಡ 2021ರಲ್ಲಿ ಇದಕ್ಕೆ ಕಾನೂನು ಮಾಡಿತು. ವಿಮೆ ಇದ್ದೂ ನಗದು, ಗೊತ್ತಿಲ್ಲದ ಅಂಗಡಿ, ಅವಧಿಗೆ ಮುಂಚೆ: ಈ ಮೂರೂ ಒಟ್ಟಿಗೆ ಬಂದರೆ ಯಾವ ಫಾರ್ಮಸಿಸ್ಟ್ ಕೂಡ ಹಿಂದೆ ಸರಿಯುತ್ತಾನೆ. ನಿಜವಾದ ರೋಗಿಗೂ ಆ ಕಲೆ ಅಂಟಿಕೊಳ್ಳುತ್ತದೆ. ಒಂದೇ ವೈದ್ಯರು, ಒಂದೇ ಅಂಗಡಿ, ನಿಮ್ಮ ಹೆಸರು ಗೊತ್ತಿರುವ ಒಬ್ಬ ಫಾರ್ಮಸಿಸ್ಟ್. ಇದಕ್ಕಿಂತ ದೊಡ್ಡ ಆಸ್ತಿ ಇಲ್ಲ.

ಟ್ರಮಡಾಲ್, ಕೊಡೀನ್ ಬೆರೆತ ಮಾತ್ರೆ ತೆಗೆದುಕೊಳ್ಳುವವರೂ ಓದುತ್ತಿರಬಹುದು. ಟ್ರಮಡಾಲ್ ನಾಲ್ಕನೆಯ ಷೆಡ್ಯೂಲಿನಲ್ಲಿದೆ, ಅಸೆಟಮಿನೋಫೆನ್ ಜೊತೆಗಿನ ಕೊಡೀನ್ ಮಾತ್ರೆ ಮೂರನೆಯದರಲ್ಲಿ. ಇವಕ್ಕೆ ರೀಫಿಲ್ ಇದೆ: ಬರೆದ ದಿನದಿಂದ ಆರು ತಿಂಗಳೊಳಗೆ ಹೆಚ್ಚೆಂದರೆ ಐದು ಸಲ. ಅವಧಿಯ ಲೆಕ್ಕ ಮಾತ್ರ ಅವಕ್ಕೂ ತಪ್ಪಿದ್ದಲ್ಲ. ದೂರದ ಪ್ರಯಾಣವಿದ್ದರೆ ವಿಮೆಯಲ್ಲಿ ರಜೆಗಾಗಿ ಬೇರೆ ಸಂಕೇತವಿದೆ. ಟಿಕೆಟ್ ಕೈಗೆ ಬಂದ ವಾರವೇ ಕೇಳಿ, ಹೊರಡುವ ಹಿಂದಿನ ದಿನ ಅಲ್ಲ.

ಸಂಪಿಗೆ ನೆರಳು | ಶುಕ್ರವಾರ, ಸಂಜೆ 4:05

ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡಿದೆ. ಕೌಂಟರಿನವರು ಬರೆದ ವಾಕ್ಯವನ್ನು ಕಾಗದದ ಮೇಲೆ ಬರೆದುಕೊಂಡು ಓದಿದೆ, ಇಲ್ಲದಿದ್ದರೆ ನನಗೆ ಅಳು ಬರುತ್ತಿತ್ತು. ಆ ಕಡೆಯ ಹುಡುಗಿ ಕಡತ ತೆಗೆದು ನೋಡಿ, "ನಾಲ್ಕು ಗಂಟೆಗೊಂದು ಎಂದು ಬರೆದುಕೊಂಡಿದ್ದಾರೆ, ಆದರೆ ಪ್ರಿಸ್ಕ್ರಿಪ್ಷನ್ ಹೋಗಿಲ್ಲ" ಎಂದಳು. ಹದಿಮೂರು ದಿನದಿಂದ ಆರು ಕೊಟ್ಟದ್ದು ನಮ್ಮ ತಪ್ಪೇನೋ ಎಂದು ನಿನ್ನೆ ಸಂಜೆಯೆಲ್ಲಾ ಕೊರಗಿದ್ದೆ. ಎರಡು ಗಂಟೆಗೆ ಹೊಸದು ಬಂತು: ದಿನಕ್ಕೆ ಆರು, 180 ಮಾತ್ರೆ. ವಿಮೆ ಒಮ್ಮೆ ತಿರಸ್ಕರಿಸಿತು. ಫಾರ್ಮಸಿಸ್ಟ್ ಅಮ್ಮನವರು ಫೋನಿನಲ್ಲಿ ಇಪ್ಪತ್ತು ನಿಮಿಷ ಕಾದು ಅದನ್ನೂ ಸರಿಮಾಡಿದರು.

ಈಗ ಹೊಸ ತೊಂದರೆ. ಅವರ ಬಳಿ ಇರುವುದೇ ಅರುವತ್ತು ಮಾತ್ರೆ. ಅಷ್ಟು ತೆಗೆದುಕೊಂಡರೆ ಉಳಿದ 120 ಹೋಯಿತೇ? ಬೇರೆ ಅಂಗಡಿಗೆ ಕಳಿಸಿ ಎನ್ನಲೇ? ಕಾರಿನಲ್ಲೇ ಕೂತು ಬರೆಯುತ್ತಿದ್ದೇನೆ.

ಕೌಂಟರಿನ ಒಳಗಿನಿಂದ | ಶುಕ್ರವಾರ, ಸಂಜೆ 4:20

ತೆಗೆದುಕೊಳ್ಳಿ, ಆದರೆ ಗಡಿಯಾರ ನೋಡಿಕೊಂಡು. ಅಂಗಡಿಯಲ್ಲಿ ದಾಸ್ತಾನು ಸಾಲದೆ ಎರಡನೆಯ ಷೆಡ್ಯೂಲಿನ ಔಷಧವನ್ನು ಭಾಗಶಃ ಕೊಟ್ಟರೆ ಉಳಿದದ್ದನ್ನು 72 ಗಂಟೆಯೊಳಗೆ ಕೊಡಬೇಕು. ಮೀರಿದರೆ ಉಳಿದ ಭಾಗ ರದ್ದು, ಹೊಸ ಪ್ರಿಸ್ಕ್ರಿಪ್ಷನ್ ಬೇಕು. ನೀವೇ ಆಗಲಿ ವೈದ್ಯರೇ ಆಗಲಿ "ಸದ್ಯಕ್ಕೆ ಇಷ್ಟು ಸಾಕು" ಎಂದು ಕೇಳಿ ಪಡೆದರೆ ಲೆಕ್ಕ ಬೇರೆ: 2016ರ ಕಾನೂನಿನ ಪ್ರಕಾರ, ರಾಜ್ಯದ ನಿಯಮ ಒಪ್ಪಿದರೆ, ಬರೆದ ದಿನದಿಂದ 30 ದಿನದವರೆಗೆ ಅವಕಾಶವಿದೆ. ನಿಮ್ಮದು ಯಾವ ಬಗೆ ಎಂದು ದಾಖಲಿಸುತ್ತಾರೆ, ಉಳಿದದ್ದು ಯಾವ ದಿನ ಬರುತ್ತದೆ ಎಂದು ಈಗಲೇ ಬಾಯಿಬಿಟ್ಟು ಕೇಳಿ.

ಬೇರೆ ಅಂಗಡಿಗೆ ಕಳಿಸುವುದು ಕೂಡ ಸಾಧ್ಯವಿತ್ತು. ಇನ್ನೂ ಒಂದು ಮಾತ್ರೆಯನ್ನೂ ಕೊಡದ ಎಲೆಕ್ಟ್ರಾನಿಕ್ ಪ್ರಿಸ್ಕ್ರಿಪ್ಷನ್ ಅನ್ನು ಒಂದು ಸಲ ವರ್ಗಾಯಿಸಲು 2023ರ ಆಗಸ್ಟಿನಿಂದ ಅನುಮತಿ ಇದೆ. ಆದರೆ ವಾರಾಂತ್ಯದ ಸಂಜೆ ಊರೆಲ್ಲಾ ಸುತ್ತುವ ಬದಲು, ಕೈಗೆ ಸಿಕ್ಕ ಅರುವತ್ತು ಹತ್ತು ದಿನ ನಡೆಯುತ್ತದೆ. ಹಿಂದಿನದರಲ್ಲಿ ಉಳಿದವೂ ಇವೆ.

ನಡುರಾತ್ರಿ ಪಾಳಿ | ಶುಕ್ರವಾರ, ಸಂಜೆ 5:00

ಹಳೆಯ ಡಬ್ಬಿಯನ್ನು ಹೊಸದರೊಳಗೆ ಸುರಿಯಬೇಡಿ. ಮೊದಲು ಅದನ್ನು ಮುಗಿಸಿ. ಒಂದು ನೋಟುಪುಸ್ತಕ ಇಟ್ಟು ಪ್ರತಿ ಸಲ ಗಂಟೆ, ಎಷ್ಟು ಮಾತ್ರೆ, ಕೊಡುವ ಮುಂಚೆ ನೋವು ಹತ್ತಕ್ಕೆ ಎಷ್ಟು, ಒಂದು ಗಂಟೆಯ ನಂತರ ಎಷ್ಟು ಎಂದು ಬರೆಯಿರಿ. ನೀವು ನೂರು ಮಾತಿನಲ್ಲಿ ಹೇಳುವುದನ್ನು ವೈದ್ಯರಿಗೆ ಆ ಎರಡು ಪುಟ ಹೇಳುತ್ತದೆ.

ಸಂಪಿಗೆ ನೆರಳು | ಮಂಗಳವಾರ, ರಾತ್ರಿ 10:15

ಏನಾಯಿತೆಂದು ಎಲ್ಲರಿಗೂ ತಿಳಿಸಬೇಕೆನಿಸಿತು. ಉಳಿದ 120 ಸೋಮವಾರ ಮಧ್ಯಾಹ್ನ ಎರಡಕ್ಕೆ ಬಂದವು, 72 ಗಂಟೆಗೆ ಇನ್ನೂ ಎರಡೂವರೆ ಗಂಟೆ ಬಾಕಿ ಇದ್ದಾಗ. ಕೌಂಟರಿನ ಮುಂದೆಯೇ ಎಣಿಸಿದೆ. ಹಳೆಯ ಬೆನ್ನಿನವರು ಹೇಳಿದ್ದು ನೆನಪಿತ್ತು. ಫಾರ್ಮಸಿಸ್ಟ್ ಅಮ್ಮನವರು ತಟ್ಟೆಯನ್ನು ನನ್ನ ಕಡೆ ತಿರುಗಿಸಿ ನನ್ನೊಂದಿಗೆ ಐದೈದಾಗಿ ಸರಿಸಿದರು.

ಇಂದು ವೈದ್ಯರು ನೋಟುಪುಸ್ತಕವನ್ನು ಪೂರ್ತಿ ಓದಿದರು. ಹನ್ನೆರಡು ಗಂಟೆಯ ಮಾತ್ರೆ ಶುರುಮಾಡಿದ್ದಾರೆ, ಆಕ್ಸಿಕೋಡೋನ್ ನಡುವಿನ ನೋವಿಗೆ ಮಾತ್ರ. ಎರಡೂ ಇಪ್ಪತ್ತೆಂಟು ದಿನಕ್ಕೆ, ಒಂದೇ ದಿನ ಮುಗಿಯುವಂತೆ. ಮಲಬದ್ಧತೆಯ ಔಷಧವನ್ನೂ ಬರೆದರು. ಆ ಪ್ರಶ್ನೆ ಕೇಳಿದಾಗ ಮಾವನವರು ನನ್ನ ಕಡೆ ನೋಡದೆ, ಎಂಟು ದಿನವಾಯಿತು ಎಂದು ಮೆಲ್ಲಗೆ ಹೇಳಿದರು. ಎಂಟು ದಿನ. ಒಂದೇ ಮನೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ.

ಮೂರನೆಯ ಮಹಡಿಯವರೇ, ಬೀಗದ ಪೆಟ್ಟಿಗೆ ತಂದಿದ್ದೇವೆ. ನಲೋಕ್ಸೋನ್ ಅದರ ಪಕ್ಕದಲ್ಲಿ, ಬೀಗವಿಲ್ಲದ ಕಡೆ ಇದೆ. ಬೀಗದ ಕೈ ನನ್ನ ಯಜಮಾನರ ಬಳಿ ಒಂದು, ನನ್ನ ಬಳಿ ಒಂದು.

ಮೂರನೆಯ ಮಹಡಿ | ಮಂಗಳವಾರ, ರಾತ್ರಿ 10:40

ಅಮ್ಮನಿಗೆ ಇದನ್ನು ಓದಿ ಹೇಳಿದೆ. "ಆ ಹಿರಿಯರು ರಾತ್ರಿ ಮಲಗಿದರೇ ಎಂದು ಕೇಳು" ಎಂದರು.

ಸಂಪಿಗೆ ನೆರಳು | ಮಂಗಳವಾರ, ರಾತ್ರಿ 10:55

ಮಲಗಿದ್ದಾರೆ ಎಂದು ಹೇಳಿ. ಕುರ್ಚಿಯಲ್ಲಲ್ಲ, ಮಂಚದ ಮೇಲೆ, ಗೋಡೆಯ ಕಡೆ ಮಗ್ಗುಲಾಗಿ.